ಟೋಲ್ ದಾಟಿದ ಮೇಲೆ ಬರುವ ಮೆಸೇಜು

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಿಂದ ದಾವಣಗೆರೆಗೆ ಕಾರಿನಲ್ಲಿ ಹೊರಡುವ ಮುಂಚೆ ನಮ್ಮ ಮನೆಯಲ್ಲೊಂದು ಶಾಸ್ತ್ರ ನಡೆಯುತ್ತಿತ್ತು. ದಾರಿಯ ಟೋಲ್ ಗೇಟುಗಳಿಗೆ ಚಿಲ್ಲರೆ ಹೊಂದಿಸುವ ಶಾಸ್ತ್ರ. ಹತ್ತರ ನೋಟು, ಐದರ ನಾಣ್ಯಗಳನ್ನೆಲ್ಲ ಹಳೆಯ ಅಡಿಕೆ ಡಬ್ಬಿಗೆ ತುಂಬಿ ಗೇರಿನ ಪಕ್ಕ ಇಡುತ್ತಿದ್ದೆವು. ನೆಲಮಂಗಲ ಆಯಿತು, ಶಿರಾ ಹತ್ತಿರದ ಕರ್ಜೀವನಹಳ್ಳಿ, ಹಿರಿಯೂರು ಕಡೆಯ ಗುಯಿಲಾಳು, ಊರು ಮುಟ್ಟುವ ಮುಂಚೆ ಹೆಬ್ಬಾಳು. ಒಂದೊಂದು ಕಡೆಯೂ ಗಾಜು ಇಳಿಸು, ಬಿಸಿಗಾಳಿ ಒಳಗೆ ಬಿಡು, "ಚಿಲ್ಲರೆ ಕೊಡಿ ಸಾರ್" ಅನ್ನಿಸಿಕೋ. ಚಿಲ್ಲರೆ ಅವರ ಹತ್ತಿರವೂ ಇಲ್ಲದಿದ್ದರೆ ಎರಡು ಚಾಕೊಲೇಟು ಕೈಗೆ ಬರುತ್ತಿತ್ತು.

2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್‌ಟ್ಯಾಗ್, ಅಂದರೆ ಟೋಲ್ ದುಡ್ಡು ತಾನಾಗಿಯೇ ಕಟ್ಟುವ ಚೀಟಿ, ಕಡ್ಡಾಯವಾಯಿತು. ಡಬ್ಬಿ ಮತ್ತೆ ಅಡಿಕೆಗೇ ಹೋಯಿತು.

ಕಾರಿನ ಮುಂದಿನ ಗಾಜಿನ ಒಳಮೈಗೆ ಅಂಟಿಸುವ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಒಂದು ಚಿಪ್, ಒಂದು ತೆಳು ಆಂಟೆನಾ, ಅಷ್ಟೇ. ಗೇಟಿನ ಮೇಲಿರುವ ರೀಡರ್ ರೇಡಿಯೋ ತರಂಗ ಕಳಿಸುತ್ತದೆ. ಆ ತರಂಗದಿಂದಲೇ ಶಕ್ತಿ ಪಡೆದು ಚೀಟಿ ತನ್ನ ಗುರುತು ಹೇಳುತ್ತದೆ. ರೇಡಿಯೋದಲ್ಲಿ ಕೂತು ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗುತ್ತದೆ ಅನ್ನಿ. ಆದರೆ ಒಂದು ಮಾತು: ದುಡ್ಡು ಆ ಚೀಟಿಯಲ್ಲಿಲ್ಲ, ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿದೆ. ಹಾಗಾಗಿ ಗೇಟಿನ ಮುಂದೆ ನಿಂತು, ಹಿಂದಿನವರ ಹಾರನ್ ಕೇಳುತ್ತಾ ರೀಚಾರ್ಜ್ ಮಾಡುವುದು ಜಾಣತನವಲ್ಲ. ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಿ.

ನಮ್ಮ ಸಂಬಂಧಿಕರೊಬ್ಬರು ಚೀಟಿಯನ್ನು ಅಂಟಿಸದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು, ಗೇಟು ಬಂದಾಗ ಮಂಗಳಾರತಿ ಎತ್ತಿದ ಹಾಗೆ ಎತ್ತಿ ತೋರಿಸುತ್ತಿದ್ದರು. ಗಾಜಿಗೆ ಗೋಂದಿನ ಕಲೆ ಬೀಳುತ್ತದಂತೆ! ಹೀಗೆ ಕೈಯಲ್ಲಿ ಹಿಡಿದ ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಕ್ರಮ 2025ರ ಜುಲೈನಲ್ಲಿ ಬಂತು. ಹಿಂದಿನ ಗಾಡಿ ನೋಡುವ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಸುವುದೇ ಸರಿ. ಗಾಜಿಗೆ ಲೋಹದ ಲೇಪವಿದ್ದರೆ ಮಾತ್ರ ರೀಡರಿಗೆ ಕಾಣದೆ ಹೋಗಬಹುದು.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ಕೈಯಿಂದ ಕೊಡುವಾಗ ಎಣಿಸುತ್ತಿದ್ದೆವು, ಜಗಳವಾಡುತ್ತಿದ್ದೆವು. ಈಗ ದುಡ್ಡು ಸದ್ದಿಲ್ಲದೆ ಹೋಗುತ್ತದೆ, ಬರುವುದು ಒಂದು ಮೆಸೇಜು. ಅದನ್ನು ನಮ್ಮಲ್ಲಿ ಎಷ್ಟು ಜನ ಓದುತ್ತೇವೆ? ಒಂದು ಭಾನುವಾರ ನಾನು ಮನೆ ಮುಂದೆ ಕಾರು ತೊಳೆಯುತ್ತಿದ್ದೆ. ಕೈಯಲ್ಲಿ ಬಕೆಟ್ಟು. ಫೋನು ಟಿಣ್ ಅಂತು: ನನ್ನ ಕಾರು ಯಾವುದೋ ಟೋಲ್ ದಾಟಿದೆ, ದುಡ್ಡು ಕತ್ತರಿಸಿದೆ! ಕಾರು ನನ್ನೆದುರಿಗೇ ನೀರು ಸುರಿಸುತ್ತಾ ನಿಂತಿದೆ. ರೀಡರ್ ಓದದಿದ್ದಾಗ ಸಿಬ್ಬಂದಿ ಗಾಡಿಯ ನಂಬರನ್ನು ಕೈಯಿಂದ ಟೈಪ್ ಮಾಡುವುದುಂಟು. ಒಂದು ಅಂಕಿ ತಪ್ಪಿದರೆ ಯಾರದೋ ಪ್ರಯಾಣಕ್ಕೆ ಯಾರದೋ ಜೇಬು. ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟೆ, ಕೆಲವು ದಿನಗಳಲ್ಲಿ ದುಡ್ಡು ವಾಪಸ್ ಬಂತು. ಮೆಸೇಜು ಓದದಿದ್ದರೆ? ಹೆದ್ದಾರಿಯ ಸಹಾಯವಾಣಿ 1033, ಬರೆದಿಟ್ಟುಕೊಳ್ಳಿ.

ನಮಗೆ ಅನುಕೂಲವಾದ ನಿಯಮಗಳೂ ಇವೆ, ಅವನ್ನು ಯಾರೂ ಕರೆದು ಹೇಳುವುದಿಲ್ಲ. ಟ್ಯಾಗ್ ಸರಿಯಾಗಿದ್ದು, ದುಡ್ಡೂ ಇದ್ದು, ಗೇಟಿನ ಯಂತ್ರವೇ ಕೆಟ್ಟಿದ್ದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ನೀವು ಶುಲ್ಕವಿಲ್ಲದೆ ಹೋಗಬಹುದು. 2018ರಿಂದಲೇ ಈ ನಿಯಮವಿದೆ. ಸೊನ್ನೆ ರೂಪಾಯಿಯ ರಸೀದಿ ಕೇಳಿ ಪಡೆಯಿರಿ. ಇನ್ನೊಂದು, ಅದೇ ಟೋಲನ್ನು 24 ಗಂಟೆಯೊಳಗೆ ಮರಳಿ ದಾಟಿದರೆ ವಾಪಸ್ ಪ್ರಯಾಣಕ್ಕೆ ಅರ್ಧ ಮಾತ್ರ. ಯಾರನ್ನೂ ಕೇಳಬೇಕಿಲ್ಲ, ತಾನಾಗಿಯೇ ಲೆಕ್ಕವಾಗುತ್ತದೆ. ಒಮ್ಮೆ ಅತ್ತೆಮನೆಯಲ್ಲಿ "ಇನ್ನೊಂದು ಹೋಳಿಗೆ" ಅಂತ ಕೂರಿಸಿಕೊಂಡು, ಹೆಬ್ಬಾಳಿನಲ್ಲಿ ನನ್ನ 24 ಗಂಟೆ ಹತ್ತು ನಿಮಿಷದಲ್ಲಿ ತಪ್ಪಿಹೋಯಿತು. ಆ ಹೋಳಿಗೆಯ ಬೆಲೆ ಮೆಸೇಜಿನಲ್ಲಿ ಬಂತು.

ವಾರ್ಷಿಕ ಪಾಸಿನ ಬಗ್ಗೆ ಬಹಳ ಜನ ಕೇಳುತ್ತಾರೆ. 2025ರ ಆಗಸ್ಟ್ 15ರಂದು ಶುರುವಾದಾಗ ಅದಕ್ಕೆ 3000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ. ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ, ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಲ್ಲಿ ಮಾತ್ರ. ರಾಜ್ಯ ಹೆದ್ದಾರಿಯಲ್ಲಿ ಮಾಮೂಲಿನಂತೆ ದುಡ್ಡು ಹೋಗುತ್ತದೆ. ಟ್ರಿಪ್ ಅಂದರೆ ಊರಿಗೆ ಹೋಗಿಬರುವುದು ಅಂದುಕೊಂಡಿದ್ದೆ. ಅಲ್ಲ, ಒಂದು ಗೇಟು ದಾಟಿದರೆ ಒಂದು. ವಾಪಸ್ ಬರುವಾಗ ಅದೇ ಗೇಟು ಮತ್ತೊಂದು. ತಿಂಗಳಿಗೆರಡು ಸಲ ಊರಿಗೆ ಹೋಗುವವರಿಗೆ ಲಾಭ, ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವವರಿಗೆ ಬೇಡ.

ಟ್ಯಾಗ್ ಇಲ್ಲದವರಿಗೆ ಮೊದಲು ಎರಡು ಪಟ್ಟು ಶುಲ್ಕ ಇತ್ತು. 2025ರ ನವೆಂಬರ್ 15ರಿಂದ ಬಂದ ಬದಲಾವಣೆಯಲ್ಲಿ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಅಂತ ಆಯಿತು.

ಮೊನ್ನೆ ದಾವಣಗೆರೆ ತಲುಪಿ ಬೆಣ್ಣೆದೋಸೆ ಮುಂದೆ ಕೂತಿದ್ದೆ. ಎರಡನೇ ದೋಸೆಗೆ ಕೈಹಾಕುವಾಗ ಫೋನು ಟಿಣ್ ಅಂತು. ಯಾರದು ಅಂತ ಹೆಂಡತಿ ಕೇಳಿದಳು. ಎರಡು ಗಂಟೆ ತಡವಾಗಿ ಬಂದಿತ್ತು. "ಗುಯಿಲಾಳು" ಅಂದೆ.

ನಮಸ್ಕಾರ.