ಬೆಲೆ ಪುಸ್ತಕವೂ ಕಲ್ದಾರ್ ರೂಪಾಯಿಯೂ

ಕೇಳುಗರಿಗೆ ನಮಸ್ಕಾರ.

2024ರ ದೀಪಾವಳಿಗೆ ಒಂದು ವಾರವಿರುವಾಗ ನಮ್ಮ ಅಕ್ಕ ಆಳಂದದಿಂದ ಕಲಬುರಗಿಗೆ ಬಂದಳು. ಕೈಚೀಲದೊಳಗಿನ ಗಂಟಿನಲ್ಲಿ ಅವ್ವ ಬಿಟ್ಟುಹೋದ ಹದಿನೆಂಟು ಬೆಳ್ಳಿ ರೂಪಾಯಿಗಳಿದ್ದವು. ಮೊಮ್ಮಗಳ ಕಾಲೇಜಿನ ಶುಲ್ಕಕ್ಕಾಗಿ ಅವುಗಳಲ್ಲಿ ಹತ್ತನ್ನು ಮಾರಬೇಕಾಗಿತ್ತು. ನಾವು ಹೋದ ಅಂಗಡಿಯ ವ್ಯಾಪಾರಿ ನಾಣ್ಯಗಳ ಬೆಲೆ ಪುಸ್ತಕ ತೆರೆದು, ಐದನೆಯ ಜಾರ್ಜ್ ದೊರೆಯ ರೂಪಾಯಿಯ ಸಾಲಿನ ಮೇಲೆ ಬೆರಳಿಟ್ಟ. ‘ನೋಡಿರಿ, ಇಲ್ಲಿ ಆರು ನೂರು ಎಂದು ಅಚ್ಚಾಗಿದೆ, ಅಷ್ಟೇ ಕೊಡುತ್ತೇನೆ’ ಎಂದ. ಅಚ್ಚಿನ ಅಕ್ಷರದ ಮುಂದೆ ಅಕ್ಕ ಏನೂ ಮಾತನಾಡಲಿಲ್ಲ. ನಾನು ಪುಸ್ತಕದ ಮೊದಲ ಪುಟ ತಿರುವಿ ನೋಡಿದೆ. ಅದು ಐದು ವರ್ಷ ಹಳೆಯದಾಗಿತ್ತು.

ಕಲ್ದಾರ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಆ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಅಂದರೆ 10.69 ಗ್ರಾಂ ಅಪ್ಪಟ ಬೆಳ್ಳಿ. ಆ ವಾರ ಬೆಳ್ಳಿ ಕಿಲೋಗೆ ಒಂದು ಲಕ್ಷದ ಗಡಿ ಮುಟ್ಟಿತ್ತು. ಗ್ರಾಂಗೆ ನೂರರಂತೆ ಹಿಡಿದರೂ ಒಂದೊಂದು ರೂಪಾಯಿಯ ಬೆಳ್ಳಿಯೇ 1,069 ರೂಪಾಯಿ ಬಾಳುತ್ತಿತ್ತು. ಸರಾಫರು ಕರಗಿಸುವ ಲೆಕ್ಕದಲ್ಲಿ ಸ್ವಲ್ಪ ಮುರಿದುಕೊಳ್ಳುತ್ತಾರೆ, ಅದು ಸರಿ. ಆದರೆ ಆರು ನೂರಕ್ಕೆ ಕೊಟ್ಟಿದ್ದರೆ ಅಕ್ಕ ಬೆಳ್ಳಿಯ ಬೆಲೆಯನ್ನೇ ಕಳೆದುಕೊಳ್ಳುತ್ತಿದ್ದಳು. ಗಂಟು ಕಟ್ಟಿಕೊಂಡು ಹೊರಬಂದೆವು.

ಈ ಪ್ರಸಂಗವನ್ನು ಕೇಳಿದ ನಾಣ್ಯ ಸಂಗ್ರಹದ ಹುಡುಗರು ಒಬ್ಬರ ಹಿಂದೆ ಒಬ್ಬರು ಒಂದೇ ಮಾತು ಹೇಳಿದರು: ‘ಸರ್, ಅದಕ್ಕೇ ಪ್ರತಿ ವರ್ಷ ಹೊಸ ಬೆಲೆ ಪುಸ್ತಕ ಕೊಳ್ಳಬೇಕು.’ ನನಗೆ ಹಾಗೆನ್ನಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ಆ ವ್ಯಾಪಾರಿಯ ಮೇಜಿನ ಮೇಲೆ ಅದೇ ವರ್ಷದ ಪುಸ್ತಕವೇ ಇತ್ತೆಂದು ಇಟ್ಟುಕೊಳ್ಳೋಣ. ಪುಸ್ತಕ ಅಚ್ಚಾಗುವುದಕ್ಕೆ ಎಷ್ಟೋ ತಿಂಗಳು ಮೊದಲೇ ದರಗಳನ್ನು ಕಲೆಹಾಕಿರುತ್ತಾರೆ. 2024ರ ಆರಂಭದಲ್ಲಿ ಬೆಳ್ಳಿ ಕಿಲೋಗೆ ಎಪ್ಪತ್ತೈದು ಸಾವಿರದ ಆಸುಪಾಸಿನಲ್ಲಿತ್ತು. ಆ ಲೆಕ್ಕದಲ್ಲಿ ಕಲ್ದಾರ್ ರೂಪಾಯಿಯ ಬೆಳ್ಳಿಗೆ ಬರುವುದು ಸುಮಾರು ಎಂಟು ನೂರು. ಹೊಸ ಪುಸ್ತಕವೂ ದೀಪಾವಳಿಯ ಹೊತ್ತಿಗೆ ಇನ್ನೂರೈವತ್ತು ರೂಪಾಯಿ ಹಿಂದೆ ಬಿದ್ದಿರುತ್ತಿತ್ತು. ಸಾಮಾನ್ಯವಾಗಿ ಸಿಗುವ ಬೆಳ್ಳಿ ನಾಣ್ಯಕ್ಕೆ ಸರಾಫ್ ಬಜಾರಿನ ಅಂದಿನ ದರ ಮತ್ತು ನಾಣ್ಯದ ಬೆಳ್ಳಿಯ ಪಾಲು, ಇವೆರಡು ಗೊತ್ತಿದ್ದರೆ ಸಾಕು. ಮೊದಲನೆಯದು ದಿನವೂ ಬದಲಾಗುತ್ತದೆ, ಎರಡನೆಯದು ಎಂದೂ ಬದಲಾಗದು.

ಆ ಪಾಲನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. 1940ರಿಂದ 1945ರ ತನಕದ ಬ್ರಿಟಿಷ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿಯ ರೂಪಾಯಿ ನಿಕಲ್, ಅದರಲ್ಲಿ ಬೆಳ್ಳಿಯೇ ಇಲ್ಲ. ನಮ್ಮ ಭಾಗದ ಮನೆಮನೆಯಲ್ಲಿ ಸಿಗುವ ನಿಜಾಮರ ಚಾರ್‌ಮಿನಾರ್ ರೂಪಾಯಿ, ಅಂದರೆ ಹಾಲಿ ಸಿಕ್ಕಾ, 11.18 ಗ್ರಾಂ ತೂಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನವುಗಳಲ್ಲಿ ಬೆಳ್ಳಿ ನೂರಕ್ಕೆ 81.8. ಇಲ್ಲೊಂದು ಸೊಗಸಾದ ಸಂಗತಿ ಇದೆ. ಏಳು ಹಾಲಿಗೆ ಆರು ಕಲ್ದಾರ್ ಎಂಬ ವಿನಿಮಯದ ಲೆಕ್ಕ ಹಿಂದೆ ನಡೆಯುತ್ತಿತ್ತಲ್ಲವೇ? ಏಳು ಹಾಲಿ ರೂಪಾಯಿಗಳ ಅಪ್ಪಟ ಬೆಳ್ಳಿಯನ್ನು ಕೂಡಿಸಿ ನೋಡಿ, 64 ಗ್ರಾಂ ಬರುತ್ತದೆ. ಆರು ಕಲ್ದಾರ್‌ಗಳದ್ದು ಕೂಡಿಸಿ, ಅದೂ 64 ಗ್ರಾಂ ಚಿಲ್ಲರೆ. ಪೇಟೆಯಲ್ಲಿ ಕುಳಿತ ನಮ್ಮ ಅಜ್ಜಂದಿರಿಗೆ ಯಾವ ಬೆಲೆ ಪುಸ್ತಕವೂ ಬೇಕಾಗಿರಲಿಲ್ಲ. ಈ ಲೆಕ್ಕ ಹಾಕಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಇನ್ನು ನಾಣ್ಯದ ಸ್ಥಿತಿ. ಪುಸ್ತಕದಲ್ಲಿ ಒಂದೇ ನಾಣ್ಯಕ್ಕೆ ಮೂರು ನಾಲ್ಕು ದರಗಳಿರುತ್ತವೆ: ಸವೆದದ್ದಕ್ಕೆ ಒಂದು, ಟಂಕಸಾಲೆಯ ಹೊಳಪು ಉಳಿದದ್ದಕ್ಕೆ ಇನ್ನೊಂದು. ನಮ್ಮವರ ಕಣ್ಣು ಯಾವಾಗಲೂ ಕೊನೆಯ ಅಂಕಣದ ಮೇಲೆಯೇ. ಆದರೆ ನಮ್ಮ ಮನೆಗಳಲ್ಲಿ ಪ್ರತಿ ಲಕ್ಷ್ಮೀ ಪೂಜೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ದೊರೆಯ ಮೂಗೇ ಸವೆದಿರುತ್ತದೆ. ದಯವಿಟ್ಟು ತಿಕ್ಕಬೇಡಿ. ಬರಿಯ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯ ಮೇಲೆ ಆರಲು ಬಿಟ್ಟು ಪೂಜೆಗಿಡಿ, ಲಕ್ಷ್ಮಿ ಬೇಸರಿಸುವುದಿಲ್ಲ.

ಹಾಗಾದರೆ ಪುಸ್ತಕವೇ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಬೆಲೆ ಹೇಳುವ ಪುಸ್ತಕಕ್ಕಿಂತ ನಾಣ್ಯವನ್ನು ಗುರುತಿಸಲು ಕಲಿಸುವ ಪುಸ್ತಕ ಬೇಕು. ಉದಾಹರಣೆಗೆ, ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯ ಕಟ್ಟಿ, ಇದೇ ಊರನ್ನು ರಾಜಧಾನಿ ಮಾಡಿಕೊಂಡರು. ಅವರ ನಾಣ್ಯಗಳಲ್ಲಿ ಕಲಬುರಗಿಯ ಹೆಸರು ಅಹಸನಾಬಾದ್, ಬೀದರಿನ ಹೆಸರು ಮುಹಮ್ಮದಾಬಾದ್. ಅದೇ ವಂಶದ ಫಿರೋಜ್ ಶಹಾ 1397ರಲ್ಲಿ ಪಟ್ಟಕ್ಕೆ ಬಂದ. ಅಲ್ಲಿಂದ 1422ರವರೆಗಿನ ಅವನ ಬೆಳ್ಳಿ ಟಂಕಗಳಲ್ಲಿ ಹಿಜರಿ ವರ್ಷ ಓದಲು ಬಂದವನಿಗೆ ಕೈಯಲ್ಲಿರುವುದು ಯಾವ ವರ್ಷದ್ದು ಎಂದು ತಿಳಿಯುತ್ತದೆ. ತಾಮ್ರದ ಕಾಸುಗಳದ್ದು ಬೇರೆಯೇ ಪಾಡು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅರ್ಧ ಅಕ್ಷರಗಳು ಅಂಚಿನಾಚೆಗೆ ಉಳಿದುಬಿಟ್ಟಿರುತ್ತವೆ. ಉಳಿದ ಅರ್ಧದಿಂದ ಸುಲ್ತಾನನ ಹೆಸರು ಹಿಡಿಯಬೇಕು. ಇದಕ್ಕೆ ಸ್ಟಾನ್ ಗೊರಾನ್ ಮತ್ತು ಜೆ.ಪಿ. ಗೋಯೆಂಕಾ ಅವರು 2001ರಲ್ಲಿ ತಂದ ಸುಲ್ತಾನರ ನಾಣ್ಯಗಳ ಪುಸ್ತಕವೇ ಇಂದಿಗೂ ಆಧಾರ. ಅಂದು ಕೊಟ್ಟ ಕ್ರಮಸಂಖ್ಯೆಗಳನ್ನೇ ಹರಾಜಿನ ಪಟ್ಟಿಗಳು ಈಗಲೂ ಬಳಸುತ್ತವೆ. ಜಗತ್ತಿನ ನಾಣ್ಯಗಳನ್ನು ಪಟ್ಟಿಮಾಡುವ ಅಮೆರಿಕದ ದಪ್ಪ ಕ್ರೌಸ್ ಕೆಟಲಾಗಿನ ಕಥೆಯೂ ಅದೇ. ಅದರ ಪ್ರಕಾಶನ ಸಂಸ್ಥೆ 2019ರಲ್ಲಿ ದಿವಾಳಿಯಾಯಿತು. ಅದರ ಹಳೆಯ ದರಗಳನ್ನು ಈಗ ಯಾರೂ ನಂಬುವುದಿಲ್ಲ, ಆದರೆ ಅದು ನಾಣ್ಯಕ್ಕೆ ಕೊಟ್ಟ ಕ್ರಮಸಂಖ್ಯೆಯನ್ನು, ಅಂದರೆ ಕೆ.ಎಂ. ಸಂಖ್ಯೆಯನ್ನು, ಹೇಳಿದರೆ ಜಗತ್ತಿನ ಯಾವ ಮೂಲೆಯ ಸಂಗ್ರಾಹಕನಿಗೂ ಅರ್ಥವಾಗುತ್ತದೆ.

ಚಾರ್‌ಮಿನಾರ್ ರೂಪಾಯಿಯ ಮೇಲಿನ ಚಿತ್ರದ ನಡುಬಾಗಿಲನ್ನು ಭೂತಗನ್ನಡಿಯಲ್ಲಿ ನೋಡಿ. ‘ಮೀಮ್’ ಎಂಬ ಉರ್ದು ಅಕ್ಷರವಿದ್ದರೆ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನರದ್ದು. ಐನ್‌ನಲ್ಲೂ ಮೊದಮೊದಲಿನದು ಮೊಟಕು, ಆಮೇಲಿನದು ಪೂರ್ಣ. ಇದನ್ನು ತೋರಿಸಿಕೊಡುವ ಚಿತ್ರವಿರುವ ಪುಸ್ತಕ ಹತ್ತು ವರ್ಷ ಹಳೆಯದಾದರೂ ಹಳಸುವುದಿಲ್ಲ.

ಹೊಸ ಆವೃತ್ತಿ ಯಾರಿಗೆ ಬೇಕು? ನಾಣ್ಯವೇ ವ್ಯಾಪಾರವಾದವರಿಗೆ ಬೇಕು. ಸರ್ಕಾರ ಹೊರಡಿಸುವ ಸ್ಮರಣಾರ್ಥ ನಾಣ್ಯಗಳನ್ನು ಬಿಡದೆ ಕೂಡಿಸುವವರಿಗೂ ಬೇಕು, ಏಕೆಂದರೆ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಉಳಿದವರು ನಾಲ್ಕೈದು ವರ್ಷಕ್ಕೊಮ್ಮೆ ಕೊಂಡರೆ ಸಾಕು. ನಡುವೆ ಹರಾಜು ಸಂಸ್ಥೆಗಳ ಜಾಲತಾಣಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿಕೊಳ್ಳಿ, ಖರೀದಿದಾರನ ಮೇಲೆ ಬೀಳುವ ಕಮಿಷನ್ ಸೇರಿದೆಯೋ ಇಲ್ಲವೋ ಎಂಬುದನ್ನೂ ನೋಡಿ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊಬೈಲಿಗೆ ಬರುವ ಸಂದೇಶಗಳನ್ನು ಮಾತ್ರ ಬೆಲೆ ಎಂದು ಎಣಿಸಬೇಡಿ. ತನ್ನ ಹೆಸರು ಹೇಳಿ ಹಳೆಯ ನಾಣ್ಯಗಳ ವ್ಯವಹಾರ ಮಾಡುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ನನ್ನ ಕಪಾಟಿನಲ್ಲಿರುವ ಬೆಲೆ ಪುಸ್ತಕ 2016ರದ್ದು. ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು, ಅಂದಿನ ಬೆಳ್ಳಿ ದರ, ನಾನು ಕೊಟ್ಟ ಅಥವಾ ಪಡೆದ ಹಣ ಬರೆದುಕೊಂಡಿದ್ದೇನೆ. ಐದನೆಯ ಜಾರ್ಜ್ ಪುಟದಲ್ಲಿ ಅಕ್ಕನ ಹತ್ತು ರೂಪಾಯಿಗಳ ಸಾಲೂ ಇದೆ. ಎರಡು ದಿನ ಸರಾಫರಲ್ಲಿ ವಿಚಾರಿಸಿ, ಒಂದೊಂದಕ್ಕೆ ಸಾವಿರದಂತೆ ಮಾರಿದೆವು. ಉಳಿದ ಎಂಟನ್ನು ಅವಳು ಆಳಂದಕ್ಕೆ ಹಿಂದಿರುಗಿ ಒಯ್ದಳು. ಅವುಗಳಲ್ಲಿ ಒಂದು ಮೊಟಕು ಐನ್‌ನದು.

ನಮಸ್ಕಾರ.