ಮೂರು ವರ್ಷದ ಭಾನುವಾರಗಳು

ನಮಸ್ಕಾರ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಅಂಗಳದಲ್ಲಿ ಅಡಿಕೆ ಹರವುತ್ತಾ ರೇಡಿಯೊ ಕೇಳುತ್ತಿರುವವರೇ, ಗಣಿತ ಎಂದ ಕೂಡಲೇ ಕಿವಿ ತಿರುಗಿಸಬೇಡಿ.

ಹನ್ನೆರಡು ಅಡಿಕೆ ತೆಗೆದುಕೊಳ್ಳಿ. ನಾಲ್ಕರಂತೆ ಮೂರು ಸಾಲು ಇಡಬಹುದು. ಈಗ ಹದಿಮೂರು. ಎಷ್ಟು ತಿಣುಕಿದರೂ ಒಂದೇ ಉದ್ದ ಸಾಲು, ಅಲ್ವಾ? ಅದೇ ಅವಿಭಾಜ್ಯ ಸಂಖ್ಯೆ. ಇದರಲ್ಲಿ ಹೆದರುವಂಥದ್ದು ಏನಿದೆ?

ನಾನು ಹೇಳುವುದು ಒಂದೇ ಮಾತು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿಯಲು ಎಷ್ಟು ಹೊತ್ತು? ಜಗಿದದ್ದನ್ನು ಮತ್ತೆ ಎಲೆ, ಅಡಿಕೆ, ಸುಣ್ಣ ಮಾಡಿಕೊಡಿ ನೋಡೋಣ!

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ ಒಂದು ಕಳೆಯಿರಿ. ಬರುವುದು 147573952589676412927. ನಿಧಾನವಾಗಿ ಇನ್ನೊಮ್ಮೆ ಓದುತ್ತೇನೆ, ಬರೆದುಕೊಳ್ಳಿ: 147 573 952 589 676 412 927. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಬರೆದುಬಿಟ್ಟರು. 1876ರಲ್ಲಿ ಲ್ಯೂಕಾ ಎಂಬವರು, ಅಲ್ಲ, ಇದು ಒಡೆಯುತ್ತದೆ ಎಂದು ಸಾಧಿಸಿದರು. ಯಾವ ಸಂಖ್ಯೆಗಳಾಗಿ? ಅವರಿಗೂ ಗೊತ್ತಿರಲಿಲ್ಲ. ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ನೀರಿದೆ ಎಂದ ಹಾಗೆ. ಕಾಯಿ ಒಡೆದಿರಲಿಲ್ಲ.

1903ರ ಅಕ್ಟೋಬರ್. ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ. ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಬೋರ್ಡಿನ ಹತ್ತಿರ ಹೋದರು. ಈ ಕಥೆ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ನನಗಂತೂ ಬೇಜಾರಾಗಿಲ್ಲ. ಬೋರ್ಡಿನ ಒಂದು ಕಡೆ ಎರಡರ ಲೆಕ್ಕ ಮಾಡಿ ಈ ದೊಡ್ಡ ಸಂಖ್ಯೆ ಬರೆದರು. ಇನ್ನೊಂದು ಕಡೆ 193707721, ಅದರ ಕೆಳಗೆ 761838257287. ಕೈಯಲ್ಲೇ ಗುಣಿಸುತ್ತಾ ಹೋದರು. ಸಾಲಿನ ಮೇಲೆ ಸಾಲು. ಕೊನೆಯಲ್ಲಿ ಅದೇ ಸಂಖ್ಯೆ! ಸೀಮೆಸುಣ್ಣ ಇಟ್ಟು ಬಂದು ಕೂತರಂತೆ. ಒಂದು ಮಾತಿಲ್ಲ. ಸಭೆಯೆಲ್ಲ ಚಪ್ಪಾಳೆ. ನಮ್ಮಲ್ಲಾದರೆ ಸ್ವಾಗತ ಭಾಷಣಕ್ಕೇ ಅರ್ಧ ಗಂಟೆ ಬೇಕು. ಇದನ್ನು ಕಂಡುಹಿಡಿಯಲು ಎಷ್ಟು ಕಾಲ ಬೇಕಾಯಿತು ಎಂದು ಆಮೇಲೆ ಯಾರೋ ಕೇಳಿದರಂತೆ. "ಮೂರು ವರ್ಷದ ಭಾನುವಾರಗಳು" ಎಂದರಂತೆ.

ಗುಣಿಸಲು ಒಂದು ಸಭೆ ಸಾಕಾಯಿತು. ಒಡೆಯಲು ಮೂರು ವರ್ಷದ ಭಾನುವಾರ.

ಬೇಕಾದರೆ ತಾಳೆ ನೋಡಿ. ದೊಡ್ಡ ಸಂಖ್ಯೆಯ ಅಂಕೆಗಳನ್ನೆಲ್ಲ ಕೂಡಿಸಿದರೆ 109. ಮತ್ತೆ ಕೂಡಿಸಿದರೆ ಹತ್ತು, ಮತ್ತೆ ಕೂಡಿಸಿದರೆ ಒಂದು. ಕೋಲ್ ಅವರ ಮೊದಲ ಸಂಖ್ಯೆಯದ್ದು 37, ಎರಡನೆಯದ್ದು 64. ಅವೂ ಹತ್ತಾಗಿ ಒಂದಕ್ಕೇ ಬಂದು ನಿಲ್ಲುತ್ತವೆ. ಒಂದೊಂದ್ಲಿ ಒಂದು. ಸರಿಹೋಯಿತಲ್ಲ!

ಇದರಿಂದ ಏನು ಉಪಯೋಗ ಎಂದು ಕೇಳುವವರು ಇದ್ದೇ ಇರುತ್ತಾರೆ. ಸ್ವಾಮಿ, ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಯುವ ಒಂದು ಬೀಗವೇ ಇದು. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1977ರಲ್ಲಿ ಮಾಡಿದ್ದು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಇಡುತ್ತಾರೆ, ಸುಮಾರು 617 ಅಂಕೆಯ ಸಂಖ್ಯೆ. ಒಡೆಯಲು ಯಾರಿಗೂ ಆಗಿಲ್ಲ. ಯಾಕೆ? ಗುಣಿಸುವುದು ಸುಲಭ, ಒಡೆಯುವುದು ಕಷ್ಟ. ಇನ್ನೂ ಹೇಳುವುದಿತ್ತು, ಆದರೆ ಗಾಜಿನಾಚೆಯಿಂದ ಕೈಸನ್ನೆ ಶುರುವಾಗಿದೆ.

ಮಕ್ಕಳೇ, ಹನ್ನೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047. ಅದು ಒಡೆಯುತ್ತದೆ. ಮೊಬೈಲ್ ಮುಟ್ಟದೆ ಒಡೆಯಿರಿ. ಒಂದು ಭಾನುವಾರ ಸಾಕು.