ಚಾವಿ, ಪಗಾರ, ಪೀಪಾಯಿ: ಲಿಸ್ಬನ್‌ನಲ್ಲಿ ಐದು ದಿನ

ಕೇಳುಗರಿಗೆ ನಮಸ್ಕಾರ.

ಯುರೋಪ್ ಪ್ರವಾಸ ಎಂದ ಕೂಡಲೇ ನಮ್ಮಲ್ಲಿ ಒಂದು ಲೆಕ್ಕ ಇದೆ. ಹತ್ತು ದಿನ, ಆರು ದೇಶ. ಇವತ್ತು ಪ್ಯಾರಿಸ್, ನಾಳೆ ಬ್ರಸೆಲ್ಸ್, ನಾಡಿದ್ದು ಆಮ್‌ಸ್ಟರ್‌ಡ್ಯಾಮ್. ಬಸ್ಸಿನಿಂದ ಇಳಿಯುವುದು, ಫೋಟೊ ತೆಗೆಯುವುದು, ಮತ್ತೆ ಬಸ್ಸು ಹತ್ತುವುದು. ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ಅಷ್ಟು ದೂರ ಹೋಗಿ ಹೆದ್ದಾರಿಯನ್ನೇ ಜಾಸ್ತಿ ನೋಡಿ ಬರುವುದು ಎಂದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಒಂದೇ ಊರಿನ ಬಗ್ಗೆ ಮಾತಾಡುತ್ತೇನೆ. ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್. ಹೋದ ಜೂನ್‌ನಲ್ಲಿ ಐದು ದಿನ ಅಲ್ಲೇ ಇದ್ದೆ. ಬೇರೆ ಎಲ್ಲಿಗೂ ಓಡಲಿಲ್ಲ.

ಉಳಿದುಕೊಂಡದ್ದು ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ, ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಮೊದಲ ದಿನ ಅಜ್ಜಿ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟು 'ಶಾವಿ' ಎಂದ ಹಾಗೆ ಕೇಳಿಸಿತು. ನಾನು ಕುಮಟೆ ಕಡೆಯವಳು. ನಮ್ಮ ಮನೆಯಲ್ಲಿ ಬೀಗದ ಕೈಗೆ ಚಾವಿ ಎಂದೇ ಹೇಳುವುದು. ನಾನೂ 'ಚಾವಿ' ಎಂದೆ. ಅಜ್ಜಿ ಖುಷಿಯಿಂದ ತಲೆಯಾಡಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ತರಕಾರಿ ಅಂಗಡಿಯಲ್ಲಿ ಬಟಾಟೆಗೆ ಬಟಾಟಾ. ನಮ್ಮ ಪಾವ್‌ಭಾಜಿಯ ಪಾವ್ ಅವರ ರೊಟ್ಟಿ. ಬಾಲ್ದಿ, ಪೀಪಾಯಿ, ಅನಾನಸು, ಗಾರೆ ಕೆಲಸದ ಮೇಸ್ತ್ರಿ, ಚರ್ಚಿನ ಪಾದ್ರಿ, ಎಲ್ಲವೂ ಪೋರ್ಚುಗೀಸ್ ಭಾಷೆಯಿಂದ ಬಂದವು. ತಿಂಗಳ ಕೊನೆಗೆ ನಾವು ಎಣಿಸುವ ಪಗಾರ ಕೂಡ. ಅಲ್ಲಿ 'ಪಗಾರ್' ಎಂದರೆ ದುಡ್ಡು ಕೊಡುವುದು. ಕರಾವಳಿಯಲ್ಲಿ ಹುಟ್ಟಿದವರು ಆ ಊರಿಗೆ ಪೂರ್ತಿ ಹೊರಗಿನವರಾಗಿ ಹೋಗುವುದು ಕಷ್ಟ, ಅಲ್ವಾ?

ಊರು ಗುಡ್ಡಗಳ ಮೇಲಿದೆ. ಏಳು ಗುಡ್ಡ ಎನ್ನುತ್ತಾರೆ. ಕೆಳಗೆ ತೇಜು ನದಿ ಸಮುದ್ರದಷ್ಟು ಅಗಲವಾಗಿ ಹರಿಯುತ್ತದೆ. ಕಾಲುದಾರಿಗಳಿಗೆಲ್ಲ ಬಿಳಿ ಮತ್ತು ಕಪ್ಪು ಸಣ್ಣ ಕಲ್ಲು ಹಾಸಿದ್ದಾರೆ. ನೋಡಲು ರಂಗೋಲಿಯ ಹಾಗೆ ಚೆಂದ, ಆದರೆ ಸವೆದು ಸವೆದು ಗಾಜಿನಂತೆ ನುಣುಪಾಗಿವೆ. ಬೆಳಿಗ್ಗೆ ಬೀದಿ ತೊಳೆದಿದ್ದ ಹೊತ್ತಿನಲ್ಲಿ ನಾನು ಇಳಿಜಾರಿನಲ್ಲಿ ಜಾರಿ ಬಿದ್ದು ಮಂಡಿ ತರಚಿಕೊಂಡೆ. ತಳ ಗಟ್ಟಿ ಹಿಡಿಯುವ ಬೂಟು ಹಾಕಿಕೊಂಡು ಹೋಗಿ. ವಯಸ್ಸಾದವರು ಜೊತೆಗಿದ್ದರೆ ಇದು ತುಂಬಾ ಮುಖ್ಯ.

28ನೇ ನಂಬರಿನ ಹಳದಿ ಟ್ರಾಮನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಕಿರಿದಾದ ಓಣಿಗಳಲ್ಲಿ ಗೋಡೆಗೆ ತಾಗಿತೇನೋ ಎನ್ನುವಷ್ಟು ಹತ್ತಿರದಲ್ಲಿ ಹೋಗುತ್ತದೆ. ಹತ್ತು ಗಂಟೆ ದಾಟಿದರೆ ಪ್ರವಾಸಿಗರ ಸಾಲು ಮುಗಿಯುವುದೇ ಇಲ್ಲ, ಜೇಬುಗಳ್ಳರ ಕಾಟವೂ ಇದೆ. ಬೆಳಿಗ್ಗೆ ಬೇಗ ಹತ್ತಿ. ಸಂತೆಚೀಲ ಹಿಡಿದ ಮುದುಕರು ಹತ್ತಿದರೆ ಎದ್ದು ಜಾಗ ಕೊಡಿ. ಅದು ಅವರ ದಿನನಿತ್ಯದ ಬಂಡಿ. ನಮ್ಮಂಥವರು ಜಾಸ್ತಿಯಾಗಿ ಮನೆ ಬಾಡಿಗೆ ಏರಿದೆ, ಅಲ್ಫಾಮಾದ ಹಳೆಯ ಕುಟುಂಬಗಳು ಊರಾಚೆಗೆ ಹೋಗಬೇಕಾಗಿದೆ. ಅಜ್ಜಿಯ ಓಣಿಯಲ್ಲೇ ಹಾಗಾಗಿದೆ. ರಾತ್ರಿ ಹತ್ತರ ಮೇಲೆ ಅಲ್ಲಿ ನಾನು ಮೆತ್ತಗೆ ಮಾತಾಡುತ್ತಿದ್ದೆ.

ಈ ಊರಿನಲ್ಲಿ ಯಾವ ಬೀದಿಗೆ ಹೋದರೂ ಒಂದು ದಿನದ ನೆನಪು ಎದುರಾಗುತ್ತದೆ. 1755ರ ನವೆಂಬರ್ 1. ಸರ್ವ ಸಂತರ ಹಬ್ಬ. ಬೆಳಗಿನ ಹೊತ್ತು, ಚರ್ಚುಗಳ ತುಂಬ ಜನ, ಸಾವಿರಾರು ಮೋಂಬತ್ತಿ ಉರಿಯುತ್ತಿದ್ದವು. ಆಗ ಭೂಮಿ ನಡುಗಿತು. ಚಾವಣಿಗಳು ಕುಸಿದವು. ಬದುಕಿದವರು ಬಯಲು ಜಾಗ ಎಂದು ನದಿ ದಂಡೆಗೆ ಓಡಿದರು. ಅಲ್ಲಿ ನೀರು ಹಿಂದಕ್ಕೆ ಸರಿದಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡ ಅಲೆಯಾಗಿ ತಿರುಗಿ ಬಂತು. ಉಳಿದದ್ದನ್ನು ದಿನಗಟ್ಟಲೆ ಉರಿದ ಬೆಂಕಿ ತಿಂದಿತು. ಕಾರ್ಮೊ ಎಂಬ ಮಠದ ಚರ್ಚನ್ನು ಇಂದಿಗೂ ಚಾವಣಿ ಇಲ್ಲದೆ ಹಾಗೇ ಬಿಟ್ಟಿದ್ದಾರೆ. ಒಳಗೆ ನಿಂತು ತಲೆಯೆತ್ತಿದರೆ ಕಲ್ಲಿನ ಕಮಾನುಗಳ ನಡುವೆ ನೀಲಿ ಆಕಾಶ. ನಾನು ಅಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದೆ.

ಕೆಳಗಿನ ಬಾಯ್ಶಾ ಭಾಗವನ್ನು ಆಮೇಲೆ ಹೊಸದಾಗಿ ಕಟ್ಟಿಸಿದವನು ಮಂತ್ರಿ ಪೊಂಬಾಲ್. ನೇರ ಬೀದಿಗಳು, ಒಂದೇ ಎತ್ತರದ ಮನೆಗಳು. ಗೋಡೆಯ ಒಳಗೆ ಮರದ ಚೌಕಟ್ಟು. ಅದನ್ನು ಅವರು ಪಂಜರ ಎಂದು ಕರೆಯುತ್ತಾರೆ. ನೆಲ ನಡುಗಿದರೆ ಮರ ಬಾಗಿ ತಡೆದುಕೊಳ್ಳಲಿ ಎಂದು. ಮಾದರಿ ಕಟ್ಟಿ, ಸುತ್ತಲೂ ಸೈನಿಕರನ್ನು ಹೆಜ್ಜೆ ಹಾಕಿಸಿ ಪರೀಕ್ಷೆ ಮಾಡಿದರು ಎಂದು ಹೇಳುತ್ತಾರೆ. ಅಲ್ಫಾಮಾ ಮಾತ್ರ ಗಟ್ಟಿ ಗುಡ್ಡದ ಮೇಲಿದ್ದುದರಿಂದ ಬಹುಪಾಲು ಉಳಿಯಿತು. ಅದಕ್ಕೇ ಅಲ್ಲಿ ಓಣಿಗಳು ಇನ್ನೂ ಅಂಕುಡೊಂಕು.

ಮೂರನೇ ದಿನ ನದಿ ದಂಡೆಯ ಬೆಲೆಂಗೆ ಹೋದೆ. ಅಲ್ಲಿನ ಜೆರೋನಿಮೋಸ್ ಮಠವನ್ನು ದೊರೆ ಮೊದಲನೇ ಮನುಯೆಲ್ ಕಟ್ಟಿಸಿದ. ಕಂಬಗಳ ಮೇಲೆ ಹಗ್ಗ, ಲಂಗರು, ಹವಳದ ಕೆತ್ತನೆ. ದುಡ್ಡು ಎಲ್ಲಿಂದ ಬಂತು ಗೊತ್ತಾ? ಆಫ್ರಿಕಾ ಮತ್ತು ನಮ್ಮ ಕಡೆಯ ವ್ಯಾಪಾರದ ಮೇಲೆ ನೂರಕ್ಕೆ ಐದರಷ್ಟು ತೆರಿಗೆ. ಅದಕ್ಕೆ ಅವರು ಇಟ್ಟ ಹೆಸರಿನಲ್ಲೇ ಕಾಳುಮೆಣಸು ಇದೆ. ನಮ್ಮ ಘಟ್ಟದ ಕೆಳಗಿನ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು.

ಚರ್ಚಿನ ಬಾಗಿಲ ಹತ್ತಿರವೇ ವಾಸ್ಕೋ ಡ ಗಾಮನ ಸಮಾಧಿ ಇದೆ. ಜನ ಸಾಲಾಗಿ ನಿಂತು ಫೋಟೊ ತೆಗೆಯುತ್ತಿದ್ದರು. ನನಗೆ ಕ್ಯಾಮೆರಾ ಎತ್ತಲು ಕೈ ಬರಲಿಲ್ಲ. 1502ರಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಡಿಸಿದವನು ಅವನು. 1505ರಲ್ಲಿ ಅಲ್ಮೇಡಾ ಎಂಬ ಪೋರ್ಚುಗೀಸ್ ನಾಯಕ ನಮ್ಮ ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿ ಇಟ್ಟ. ಕಟ್ಟಡ ಚೆಂದ ಇದೆ, ನೋಡಲೇಬೇಕು. ನೋಡುವಾಗ ಇದೂ ಮನಸ್ಸಿನಲ್ಲಿ ಇರಲಿ ಎನ್ನುವುದು ನನ್ನ ಆಸೆ.

ಅಲ್ಲಿಂದ ಸ್ವಲ್ಪ ನಡೆದರೆ ಬೆಲೆಂ ಗೋಪುರ. ಎಲ್ಲರೂ ಮೇಲೆ ನೋಡುತ್ತಾರೆ. ನೀವು ಹೊರಗಿನಿಂದ, ಮೂಲೆಯ ಕಾವಲುಗೂಡಿನ ಬುಡ ನೋಡಿ. ಅಲ್ಲೊಂದು ಕಲ್ಲಿನಲ್ಲಿ ಕೆತ್ತಿದ, ಸವೆದ ಘೇಂಡಾಮೃಗದ ತಲೆ ಇದೆ. ಆ ಪ್ರಾಣಿ ಗುಜರಾತಿನ ಸುಲ್ತಾನ ಕೊಟ್ಟ ಉಡುಗೊರೆ. ಗೋವೆಯಿಂದ ಹಡಗು ಹತ್ತಿ 1515ರ ಮೇ 20ರಂದು ಲಿಸ್ಬನ್‌ಗೆ ಬಂದಿಳಿಯಿತು. ಅಲ್ಲಿಯವರು ಅದನ್ನು 'ಗಂಡಾ' ಎಂದೇ ಕರೆದರು. ಅಂದರೆ ಆ ಸಲ ಪದ ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತು. ಮುಂದಿನ ವರ್ಷ ಅದನ್ನು ಪೋಪ್‌ಗೆ ಕಳಿಸುವಾಗ ಇಟಲಿಯ ಬಳಿ ಹಡಗು ಮುಳುಗಿತು. ಸರಪಳಿ ಕಟ್ಟಿದ್ದ ಪ್ರಾಣಿ ಈಜಲಾರದೆ ಸತ್ತಿತು. ಪಾಪ.

ಊಟದ ವಿಷಯ. ಬಕಲ್ಯಾವ್ ಎಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ನೀರಿನಲ್ಲಿ ದಿನಗಟ್ಟಲೆ ನೆನೆಸಿ ಅಡುಗೆ ಮಾಡುತ್ತಾರೆ. ಒಣಮೀನಿನ ರುಚಿ ಗೊತ್ತಿದ್ದವರಿಗೆ ಮೊದಲ ತುತ್ತಿಗೇ ಹಿಡಿಸುತ್ತದೆ. ಸಸ್ಯಾಹಾರಿಗಳು ಎಚ್ಚರದಿಂದ ಕೇಳಿ ತಿನ್ನಬೇಕು, ಸೊಪ್ಪಿನ ಸಾರಿನಲ್ಲೂ ಮಾಂಸದ ತುಂಡು ಹಾಕಿರುತ್ತಾರೆ. ಮಾರ್ತಿಂ ಮೊನಿಜ್ ಚೌಕದ ಸುತ್ತ ನಮ್ಮ ಉಪಖಂಡದವರ ಅಂಗಡಿಗಳಿವೆ. ಅಕ್ಕಿ, ಬೇಳೆ, ಸಾಸಿವೆ ಎಲ್ಲ ಸಿಗುತ್ತದೆ. ಬೆಲೆಂನಲ್ಲಿ 1837ರಿಂದ ನಡೆಯುತ್ತಿರುವ ಅಂಗಡಿಯ ಕೆನೆಗಡುಬು ಪ್ರಸಿದ್ಧ. ಮೊಟ್ಟೆಯ ಹಳದಿ ಹಾಕಿ ಮಾಡಿದ್ದು, ಬಿಸಿಬಿಸಿ ಇರುವಾಗ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಳ್ಳಬೇಕು.

ವೀಸಾಗೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕಡೇ ಪಕ್ಷ ಹದಿನೈದು ದಿನ ಮೊದಲು ಹಾಕಲೇಬೇಕು. 30,000 ಯೂರೋಗಳ ಆರೋಗ್ಯ ವಿಮೆ ಕಡ್ಡಾಯ. ಹಲವು ಮ್ಯೂಸಿಯಂಗಳಿಗೆ ಸೋಮವಾರ ರಜೆ. ಹತ್ತಿರದ ಸಿಂತ್ರಾ ಎಂಬ ಊರಿನ ಅರಮನೆಗಳನ್ನು ನೋಡಬೇಕಿದ್ದರೆ ಆ ಊರಿಗೆ ಲಿಸ್ಬನ್‌ನ ರೊಸ್ಸಿಯೊ ನಿಲ್ದಾಣದಿಂದ ರೈಲಿನಲ್ಲಿ ನಲವತ್ತು ನಿಮಿಷ. ಹೋಗುವ ಕಾಲ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು.

ನಾನು ಬೇಕೆಂದೇ ಜೂನ್ ಆರಿಸಿಕೊಂಡಿದ್ದೆ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ. ಓಣಿ ಓಣಿಯಲ್ಲಿ ಕೆಂಡದ ಮೇಲೆ ತಾರ್ಲೆ ಮೀನು ಸುಡುತ್ತಾರೆ, ಬೆಳಗಿನವರೆಗೆ ಹಾಡು, ಕುಣಿತ. ಅಂದು ಒಬ್ಬರಿಗೊಬ್ಬರು 'ಮಂಜೆರಿಕು' ಎಂಬ ಪುಟ್ಟ ಗಿಡದ ಕುಂಡ ಕೊಡುತ್ತಾರೆ. ನಮ್ಮ ತುಳಸಿಯ ಕುಲದ್ದೇ ಗಿಡ. ಅದಕ್ಕೊಂದು ಕಾಗದದ ಹೂವು, ಒಂದು ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ. ಅಜ್ಜಿ ನನಗೂ ಒಂದು ಕೊಟ್ಟರು. ನಾನು ಮೂಗು ಬಗ್ಗಿಸಿದೆ. ಅಜ್ಜಿ ತಡೆದರು. ಮೂಗು ತಾಗಿಸಿದರೆ ಗಿಡ ಬಾಡುತ್ತದಂತೆ. ಎಲೆಗಳ ಮೇಲೆ ಮೆಲ್ಲಗೆ ಅಂಗೈ ಇಟ್ಟು, ಆಮೇಲೆ ಅಂಗೈಯನ್ನು ಮೂಸಬೇಕು ಎಂದು ಮಾಡಿ ತೋರಿಸಿದರು.

ಹೊರಡುವ ದಿನ ಆ ಕುಂಡವನ್ನು ಅಜ್ಜಿಯ ಕಿಟಕಿಯಲ್ಲೇ ಇಟ್ಟೆ. ಪಕ್ಕದಲ್ಲಿ ಚಾವಿ ಇಟ್ಟೆ. ವಿಮಾನ ಹತ್ತುವವರೆಗೂ ಅಂಗೈಯಲ್ಲಿ ಆ ಪರಿಮಳ ಇತ್ತು.

ನಮಸ್ಕಾರ.